ಹತ್ತಿರದಲ್ಲೇ ಏಳೋ ಹಕ್ಕಿಗೆ ಸ್ಪ್ರೆಡರ್ ತೋಟಾ: ಆನ್‌ಸೈಟ್ ಹೋಗೋರು ಕೇಳೋದಕ್ಕೆಲ್ಲ ಉತ್ತರ

ಸೆಪ್ಟೆಂಬರ್ ಬಂತು ಅಂದ್ರೆ ಸಾಕು, ಪುಣೆಯ ಹಿಂಜೆವಾಡಿಯಿಂದ ಕಂಪನಿ ಕೆಲಸದ ಮೇಲೆ ಅಮೆರಿಕಾದ ಮಿನೆಸೋಟಾಗೋ ವಿಸ್ಕಾನ್ಸಿನ್‌ಗೋ ಆನ್‌ಸೈಟ್ ಹೋಗಿರೋ ನಮ್ಮ ಕನ್ನಡದ ಹುಡುಗ್ರಿಂದ ಒಂದೇ ಪ್ರಶ್ನೆ ಬರ್ತಾ ಇರುತ್ತೆ. ಅಲ್ಲಿನ ಕಲೀಗ್ ಗ್ರೌಸ್ ಅನ್ನೋ ಕಾಡುಹಕ್ಕಿ ಬೇಟೆಗೆ ಕರೀತಿದಾರೆ, ಅವರಪ್ಪನ ಕಾಲದ ಜೋಡು ನಳಿಗೆ ಕೋವಿ ಕೊಡ್ತೀನಿ ಅಂದಿದಾರೆ, ಆದ್ರೆ ಅದು ಫುಲ್ ಚೋಕ್, ಪೊದೆಯೊಳಗೆ ಹತ್ತಿರದ ಹಕ್ಕಿಗೆ ಆಗಲ್ಲ, ಸ್ಪ್ರೆಡರ್ ತೋಟಾ ತಗೋ ಅಂತಾರೆ, ಏನ್ ಸಾರ್ ಅದು, ತಗೋಬೇಕಾ ಬೇಡ್ವಾ? ನಾನು ಮೂರು ವರ್ಷ ಮಿನೆಸೋಟಾದಲ್ಲಿದ್ದು ಮೂರು ಸೀಸನ್ ಕಾಡು ಸುತ್ತಿದೀನಿ, ವಾಪಸ್ ಪುಣೆಗೆ ಬಂದು ವಾಕಡ್‌ನಲ್ಲಿ ಇದೀನಿ. ಒಬ್ಬೊಬ್ಬರಿಗೂ ಫೋನಲ್ಲಿ ಹೇಳ್ತಾ ಕೂತ್ರೆ ಒಂದಲ್ಲ ಒಂದು ಮುಖ್ಯವಾದ್ದು ಬಿಟ್ಟು ಹೋಗುತ್ತೆ, ಅದಕ್ಕೇ ಎಲ್ಲಾ ಒಂದೇ ಕಡೆ ಬರೀತಿದೀನಿ.

ಶುರು ಮಾಡೋಕೆ ಮುಂಚೆ ಒಂದು ಮಾತು ಗಟ್ಟಿಯಾಗಿ ಹೇಳ್ಬೇಕು. ಇದೆಲ್ಲ ಬೇಟೆಗೆ ಕಾನೂನಿನ ಒಪ್ಪಿಗೆ ಇರೋ ಊರಿನ ವಿಷಯ. ನಮ್ಮಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರಿಂದ ಇದೆ, ಕಾಡಿನ ಹಕ್ಕಿ ಹೊಡೆಯೋದು ಅಪರಾಧ, ಜೈಲಿಗೆ ಹೋಗೋ ಅಪರಾಧ. ಸಾಸ್ವಡ ಕಡೆ ಹುಲ್ಲುಗಾವಲಲ್ಲಿ ಬೆಳಗ್ಗೆ ಬೆಳಗ್ಗೆ ಗೌಜಲಕ್ಕಿ ಕೂಗೋದು ಕೇಳಿರ್ತೀರಿ, ಗೋವಾದ ಸತ್ತರಿ ಕಡೆ ಹೋದ್ರೆ ರಸ್ತೆ ಪಕ್ಕದಲ್ಲೇ ಕಾಡುಕೋಳಿ ಕಾಣುತ್ತೆ. ಅವನ್ನ ನೋಡಿ, ಕೂಗು ಕೇಳಿ, ಅಷ್ಟೇ. ನಮ್ಮ ಸ್ವಂತ ಹೊಲ ಅಲ್ವಾ, ಅಜ್ಜನ ಕೋವಿಗೆ ಲೈಸೆನ್ಸ್ ಇದೆ ಅಲ್ವಾ ಅಂತ ಕೇಳೋರು ಇದಾರೆ. ಕೋವಿಗೆ ಲೈಸೆನ್ಸ್ ಇರೋದು ಬೇರೆ, ಬೇಟೆಗೆ ಅನುಮತಿ ಇರೋದು ಬೇರೆ, ಎರಡನೇದು ಇಲ್ಲಿ ಸಿಗಲ್ಲ.

ಈಗ ಪದಗಳು. ಮಲೆನಾಡು, ಕೊಡಗು ಕಡೆಯೋರಿಗೆ ಅರ್ಧ ಗೊತ್ತಿರುತ್ತೆ, ಉಳಿದೋರಿಗೆ ಅಂತ ಬರೀತೀನಿ.

ತೋಟಾ ಅಂದ್ರೆ ಕಾರ್ಟ್ರಿಡ್ಜ್. ನಮ್ಮ ಖಡಕಿ ಫ್ಯಾಕ್ಟರಿಯ ಶಕ್ತಿಮಾನ್ ತೋಟಾ ನೋಡಿರೋರಿಗೆ ಬೇರೆ ವಿವರಣೆ ಬೇಡ. ಕೆಳಗೆ ಹಿತ್ತಾಳೆ ಬಣ್ಣದ ತಳ, ಮಧ್ಯದಲ್ಲಿ ಕಿಡಿ ಹೊತ್ತಿಸೋ ಕೇಪು, ಒಳಗೆ ಮದ್ದು, ಅದರ ಮೇಲೆ ವಾಡ್ ಅನ್ನೋ ಬಿರಡೆ, ಅದರ ಮೇಲೆ ಚರೆ. ಚರೆ ಅಂದ್ರೆ ಸಾಸಿವೆಯಿಂದ ಹಿಡಿದು ಮೆಣಸಿನ ಕಾಳಿನ ತನಕ ಬೇರೆ ಬೇರೆ ಗಾತ್ರದಲ್ಲಿ ಬರೋ ಸೀಸದ ಗುಂಡುಗಳು. ಈಗಿನ ತೋಟಾಗಳಲ್ಲಿ ವಾಡ್ ಅನ್ನೋದು ಪ್ಲಾಸ್ಟಿಕ್ ಲೋಟದ ಥರ ಇರುತ್ತೆ, ಚರೆ ಆ ಲೋಟದಲ್ಲಿ ಕೂತ್ಕೊಂಡೇ ನಳಿಗೆ ದಾಟುತ್ತೆ.

ಚೋಕ್ ಅಂದ್ರೆ ನಳಿಗೆಯ ಬಾಯಿ ಹತ್ರ ಒಳಗಡೆ ಸ್ವಲ್ಪ ಕಿರಿದು ಮಾಡಿರೋದು. ಕಣ್ಣಿಗೆ ಕಾಣದಷ್ಟು ಕಮ್ಮಿ, 12 ಬೋರ್‌ನ ಫುಲ್ ಚೋಕಲ್ಲಿ ಕೂಡ ಸುಮಾರು 1 ಮಿಲಿಮೀಟರ್ ಅಷ್ಟೇ (ಬೋರ್ ಅಂದ್ರೆ ನಳಿಗೆಯ ಅಗಲದ ಅಳತೆ, ನಂಬರ್ ದೊಡ್ಡದಾದಷ್ಟೂ ನಳಿಗೆ ಕಿರಿದು). ಆದ್ರೆ ಅಷ್ಟಕ್ಕೇ ಚರೆ ಒತ್ತಾಗಿ ಹೋಗುತ್ತೆ. 40 ಗಜ ದೂರದಲ್ಲಿ 30 ಇಂಚಿನ ವೃತ್ತದೊಳಗೆ ಎಷ್ಟು ಚರೆ ಬಿತ್ತು ಅನ್ನೋದೇ ಹಳೇ ಲೆಕ್ಕ. ಫುಲ್ ಆದ್ರೆ ನೂರಕ್ಕೆ 70, ಮಾಡಿಫೈಡ್ 60, ಇಂಪ್ರೂವ್ಡ್ ಸಿಲಿಂಡರ್ 50, ಕಿರಿದೇ ಮಾಡದ ಸಿಲಿಂಡರ್ ಆದ್ರೆ 40.

ಇದು ದೂರದ ಲೆಕ್ಕ, ನಮ್ಮ ತೊಂದರೆ ಇರೋದು ಹತ್ತಿರದಲ್ಲಿ. 20 ಗಜಕ್ಕೆ, ಅಂದ್ರೆ 18 ಮೀಟರಿಗೆ, ಫುಲ್ ಚೋಕಿನ ಚರೆ ಹರಡೋದು ಸುಮಾರು 16 ಇಂಚು. ಸಿಲಿಂಡರ್ ನಳಿಗೆ ಆದ್ರೆ ಸುಮಾರು 32 ಇಂಚು. ಒಂದು ಊಟದ ತಟ್ಟೆಗಿಂತ ಸ್ವಲ್ಪ ದೊಡ್ಡದು, ಇನ್ನೊಂದು ದೊಡ್ಡ ಮೊರಕ್ಕಿಂತ ಅಗಲ. ರಫ್ಡ್ ಗ್ರೌಸ್ ಅನ್ನೋ ಹಕ್ಕಿ ಕಾಲಡಿಯಿಂದ ಬುರ್ರ್ ಅಂತ ಎದ್ದು ಮರದ ಸಂದಿನಲ್ಲಿ ಎರಡು ಸೆಕೆಂಡಲ್ಲಿ ಮಾಯ ಆಗುತ್ತೆ, ಅಷ್ಟರಲ್ಲಿ ತಟ್ಟೆ ಗಾತ್ರದ ಚರೆ ಗುಂಪನ್ನ ಅದರ ಮೇಲೆ ಕೂರಿಸೋದು ಕಷ್ಟ, ಅಪ್ಪಿತಪ್ಪಿ ಕೂತ್ರೂ ಹಕ್ಕಿ ಚಿಂದಿ, ತಿನ್ನೋಕೆ ಏನೂ ಉಳಿಯಲ್ಲ.

ಸ್ಪ್ರೆಡರ್ ತೋಟಾ ಬಂದಿರೋದು ಇದಕ್ಕೇ. ನಳಿಗೆ ಮುಟ್ಟದೆ ತೋಟಾದ ಒಳಗಡೆಯೇ ಚರೆ ಬೇಗ ಹರಡೋ ಹಾಗೆ ಏರ್ಪಾಡು ಮಾಡಿರ್ತಾರೆ. ಹಳೇ ಪದ್ಧತಿಯಲ್ಲಿ ರಟ್ಟಿನ ಪಟ್ಟಿಗಳನ್ನ ಅಡ್ಡಡ್ಡ ಸೇರಿಸಿ ಚರೆಯನ್ನ ನಾಲ್ಕು ಭಾಗ ಮಾಡೋರು, ಇಲ್ಲಾಂದ್ರೆ ಚರೆಯ ಮಧ್ಯೆ ಮಧ್ಯೆ ರಟ್ಟಿನ ಬಿಲ್ಲೆ ಇಡೋರು. ಈಗ ಪ್ಲಾಸ್ಟಿಕ್ ಬಂದಿದೆ. ಪಾಲಿವಾಡ್ ಕಂಪನಿಯ ತೋಟಾದಲ್ಲಿ ಚರೆಯ ಮೇಲುಗಡೆ ಅಣಬೆ ಆಕಾರದ ಒಂದು ಬಿಲ್ಲೆ ಇರುತ್ತೆ, ಅದರ ಕಾಲು ಚರೆಯೊಳಗೆ ಇಳಿದಿರುತ್ತೆ, ನಳಿಗೆಯಿಂದ ಹೊರಗೆ ಬಂದ ಕೂಡ್ಲೆ ಗಾಳಿ ಆ ಬಿಲ್ಲೆಯನ್ನ ತಡೆಯುತ್ತೆ, ಹಿಂದಿಂದ ನುಗ್ಗೋ ಚರೆ ಅದನ್ನ ಸುತ್ತಿಕೊಂಡು ಪಕ್ಕಕ್ಕೆ ಸರಿಯುತ್ತೆ. ಒಟ್ಟಲ್ಲಿ ಫಲ ಏನಪ್ಪಾ ಅಂದ್ರೆ, ಫುಲ್ ಚೋಕ್ ನಳಿಗೆ ಹೆಚ್ಚುಕಮ್ಮಿ ಎರಡು ಮೆಟ್ಟಿಲು ಇಳಿದು ಇಂಪ್ರೂವ್ಡ್ ಸಿಲಿಂಡರ್ ಥರ ನಡ್ಕೊಳ್ಳುತ್ತೆ. ಹೆಚ್ಚುಕಮ್ಮಿ ಅಂದೆ ನೋಡಿ, ಅದನ್ನ ನೆನಪಿಟ್ಕೊಳ್ಳಿ, ಐದನೇ ಹಂತ ಪೂರ್ತಿ ಅದರ ಮೇಲೇ ಇದೆ.

1. ಮೊದಲು ಕಾಗದಪತ್ರ, ಆಮೇಲೆ ಕೋವಿ ಮುಟ್ಟಿ

ಇದನ್ನ ಯಾರೂ ಹೇಳಲ್ಲ, ಅಲ್ಲಿನ ಕಲೀಗ್‌ಗೂ ಗೊತ್ತಿರಲ್ಲ. ಎಚ್-1ಬಿ, ಎಲ್-1, ಬಿ-1 ಇಂಥ ತಾತ್ಕಾಲಿಕ ವೀಸಾದಲ್ಲಿ ಅಮೆರಿಕಾಗೆ ಹೋದೋರು ಕೋವಿಯಾಗಲಿ ತೋಟಾ ಆಗಲಿ ಕೈಯಲ್ಲಿ ಇಟ್ಕೊಳ್ಳೋದು ಅಲ್ಲಿನ ಫೆಡರಲ್ ಕಾನೂನಿನ ಪ್ರಕಾರ ಅಪರಾಧ. ಅದಕ್ಕಿರೋ ಕೆಲವೇ ವಿನಾಯಿತಿಗಳಲ್ಲಿ ನಮ್ಮಂಥೋರಿಗೆ ಸುಲಭವಾಗಿ ಸಿಗೋದು ಒಂದು: ಅಲ್ಲಿನ ಯಾವುದಾದ್ರೂ ರಾಜ್ಯ ಕೊಟ್ಟ, ಅವಧಿ ಮುಗಿಯದ ಬೇಟೆ ಲೈಸೆನ್ಸ್ ನಿಮ್ಮ ಹತ್ರ ಇರಬೇಕು. ಬೇಟೆಗೆ ಮಾತ್ರ ಅಲ್ಲ, ಭಾನುವಾರ ಸುಮ್ನೆ ಶೂಟಿಂಗ್ ರೇಂಜಿಗೆ ಹೋಗಿ ಎರಡು ಈಡು ಹೊಡೆಯೋಕೂ ಅದು ಬೇಕು. ಲೈಸೆನ್ಸ್ ಇಲ್ಲ ಅಂತ ಗೊತ್ತಿದ್ದೂ ಕೋವಿ ಕೈಗೆ ಕೊಟ್ರೆ ಕೊಟ್ಟೋರಿಗೂ ತೊಂದರೆ. ವೀಸಾ ಮೇಲೆ ಕೂತಿರೋ ಜೀವನ ನಮ್ದು, ಇದರಲ್ಲಿ ಅಡ್ಡದಾರಿ ಬೇಡವೇ ಬೇಡ.

ಲೈಸೆನ್ಸಿಗೆ ಮುಂಚೆ ಹಂಟರ್ ಸೇಫ್ಟಿ ಕೋರ್ಸ್ ಇರುತ್ತೆ. ಮಿನೆಸೋಟಾದಲ್ಲಿ 1979ರ ಡಿಸೆಂಬರ್ 31ರ ನಂತರ ಹುಟ್ಟಿದೋರಿಗೆ, ವಿಸ್ಕಾನ್ಸಿನ್‌ನಲ್ಲಿ 1973ರ ಜನವರಿ 1ರಿಂದೀಚೆಗೆ ಹುಟ್ಟಿದೋರಿಗೆ ಕಡ್ಡಾಯ. ಜುಲೈ ಆಗಸ್ಟಲ್ಲೇ ಮುಗಿಸಿಟ್ಕೊಳ್ಳಿ, ಸೀಸನ್ ಹತ್ರ ಬಂದ್ರೆ ಸೀಟ್ ಸಿಗೋದು ಕಷ್ಟ. ವುಡ್‌ಕಾಕ್ ಅನ್ನೋ ಉದ್ದ ಕೊಕ್ಕಿನ ಹಕ್ಕಿ ವಲಸೆ ಹಕ್ಕಿ, ಅದಕ್ಕೆ ಎಚ್‌ಐಪಿ ಅನ್ನೋ ನೋಂದಣಿ ಬೇರೆ ಮಾಡಿಸ್ಬೇಕು. ದಿನಕ್ಕೆ ಮೂರೇ ಹೊಡೀಬೇಕು, ಕೋವಿಯಲ್ಲಿ ಒಟ್ಟು ಮೂರು ತೋಟಾಗಿಂತ ಜಾಸ್ತಿ ಹಿಡಿಯೋ ಹಾಗೆ ಇರಬಾರದು.

2. ನಿಮಗೆ ನಿಜವಾಗ್ಲೂ ಸ್ಪ್ರೆಡರ್ ಬೇಕಾ ನೋಡಿ

ನಳಿಗೆಯ ಬಾಯಿ ನೋಡಿ (ಕೋವಿಯನ್ನ ಮಧ್ಯದಲ್ಲಿ ಬಾಗಿಸಿ ತೆರೆದು, ಖಾಲಿ ಇದೆ ಅಂತ ಕಣ್ಣಾರೆ ನೋಡಿದ ಮೇಲೆ). ಬಾಯಿಯಲ್ಲಿ ತಿರುಪು ಹಾಕಿದ ಸಣ್ಣ ಕೊಳವೆ ಇದ್ರೆ ಅದು ಬಿಚ್ಚೋ ಚೋಕ್. ಹಂಗಿದ್ರೆ ಸ್ಪ್ರೆಡರ್‌ಗೆ ಜಾಸ್ತಿ ದುಡ್ಡು ಕೊಡೋ ಅಗತ್ಯ ಇಲ್ಲ, ಆ ಕೊಳವೆ ತೆಗೆದು ಸ್ಕೀಟ್ (ಬಹಳ ಕಮ್ಮಿ ಚೋಕ್) ಅಥವಾ ಸಿಲಿಂಡರ್ ಕೊಳವೆ ಹಾಕಿ, ಮಾಮೂಲಿ ತೋಟಾ ಹಾಕಿ, ಕೆಲಸ ಆಯ್ತು. ಕೊಳವೆ ಪೂರ್ತಿ ಬಿಚ್ಚಿಟ್ಟು ಬರೀ ನಳಿಗೆಯಲ್ಲಿ ಹೊಡೀಬೇಡಿ, ಒಳಗಿನ ತಿರುಪು ಹಾಳಾಗುತ್ತೆ.

ಸ್ಪ್ರೆಡರ್ ಬೇಕಾಗೋದು ಚೋಕ್ ಬಿಚ್ಚೋಕೆ ಬರದ ಹಳೇ ಕೋವಿಗೆ. ಎಷ್ಟು ಚೋಕ್ ಅಂತ ನಳಿಗೆ ಮೇಲೆ ಬರೆದಿರುತ್ತೆ, ಇಟಲಿ ಸ್ಪೇನ್ ಕಡೆ ಕೋವಿ ಆದ್ರೆ ನಕ್ಷತ್ರದ ಗುರುತು ಇರುತ್ತೆ. ಇಲ್ಲಿ ಬಹಳ ಜನ ಎಡವೋದು ಏನಂದ್ರೆ ಒಂದು ನಕ್ಷತ್ರ ಇದ್ರೆ ಕಮ್ಮಿ ಚೋಕ್ ಅಂದ್ಕೋತಾರೆ, ಅದು ತಿರುಗಾಮುರುಗಾ. ಒಂದು ನಕ್ಷತ್ರ ಅಂದ್ರೆ ಫುಲ್, ಮೂರು ಅಂದ್ರೆ ಮಾಡಿಫೈಡ್, ನಾಲ್ಕು ಅಂದ್ರೆ ಇಂಪ್ರೂವ್ಡ್ ಸಿಲಿಂಡರ್.

ನಳಿಗೆ ಮೊದ್ಲೇ ಸಿಲಿಂಡರ್ ಆಗಿದ್ರೆ ಸ್ಪ್ರೆಡರ್ ಹಾಕಿ ಏನೂ ಉಪಯೋಗ ಇಲ್ಲ, ಹರಡೋದು ಅಂಥಾ ಜಾಸ್ತಿ ಆಗಲ್ಲ, ಮಧ್ಯೆ ಮಧ್ಯೆ ಖಾಲಿ ಜಾಗ ಬಿಡೋಕೆ ಶುರು ಮಾಡುತ್ತೆ.

3. ಕೋವಿ ಆ ತೋಟಾ ತಡೆಯುತ್ತಾ?

ಹಳೇ ಕೋವಿ ಅಂದ್ರೆ ಈ ಹಂತ ಬಿಡೋ ಹಾಗೇ ಇಲ್ಲ. ಹಳೇ ಇಂಗ್ಲಿಷ್ ಕೋವಿಗಳಲ್ಲಿ ಚೇಂಬರ್, ಅಂದ್ರೆ ತೋಟಾ ಕೂರೋ ಜಾಗ, 65 ಮಿಲಿಮೀಟರ್ ಇರೋದು ಬಹಳ. ಈಗಿನ ಮಾಮೂಲಿ ತೋಟಾ 70. ತೊಂದರೆ ಏನು ಅಂದ್ರೆ 70ರ ತೋಟಾ 65ರ ಚೇಂಬರಲ್ಲಿ ಆರಾಮಾಗಿ ಕೂರುತ್ತೆ, ಕೋವಿ ಮುಚ್ಚುತ್ತೆ, ಎಲ್ಲಾ ಸರಿ ಇದೆ ಅನ್ಸುತ್ತೆ, ಯಾಕಂದ್ರೆ 70 ಅನ್ನೋದು ತೋಟಾದ ಬಾಯಿ ಬಿಚ್ಚಿಕೊಂಡ ಮೇಲಿನ ಉದ್ದ. ಹೊಡೆದಾಗ ಬಾಯಿ ಬಿಚ್ಚೋಕೆ ಜಾಗ ಸಾಲಲ್ಲ, ಒತ್ತಡ ಏರುತ್ತೆ. ಅಲ್ಲಿನ ಗನ್‌ಸ್ಮಿತ್ (ಕೋವಿ ರಿಪೇರಿ ಮಾಡೋರು) ಹತ್ರ ಒಯ್ದು ಚೇಂಬರ್ ಅಳತೆ ಮಾಡಿಸಿ, ನಳಿಗೆಯಲ್ಲಿ ತಗ್ಗು ಬಿರುಕು ಇದೆಯಾ ನೋಡಿಸಿ. ನಳಿಗೆ ಮೇಲೆ ಸುರುಳಿ ಸುರುಳಿ ಗೆರೆ ಇದ್ರೆ ಅದು ಡಮಾಸ್ಕಸ್, ಕಬ್ಬಿಣದ ಪಟ್ಟಿ ಸುತ್ತಿ ಬೆಸೆದಿದ್ದು. ಅದನ್ನ ಗೋಡೆ ಮೇಲೆ ತೂಗುಹಾಕಿ ನೋಡಿ ಸಂತೋಷಪಡಿ, ಅದರಲ್ಲಿ ಹೊಡೀಬೇಡಿ.

ಇನ್ನೊಂದು ಜೀವ ತೆಗೆಯೋ ತಪ್ಪು. 12 ಬೋರ್ ಮತ್ತೆ 20 ಬೋರ್ ತೋಟಾ ಒಂದೇ ಜೇಬಲ್ಲಿ ಹಾಕ್ಕೋಬೇಡಿ. 20ರ ತೋಟಾ 12ರ ನಳಿಗೆಯಲ್ಲಿ ಒಳಗೆ ಜಾರಿ ಮುಂದೆ ಹೋಗಿ ಸಿಕ್ಕಿಕೊಳ್ಳುತ್ತೆ, ಕೋವಿ ಖಾಲಿ ಅನ್ಕೊಂಡು ಹಿಂದೆ ಇನ್ನೊಂದು 12 ಹಾಕಿ ಟ್ರಿಗರ್ ಒತ್ತಿದ್ರೆ ನಳಿಗೆ ಕೈಯಲ್ಲೇ ಸೀಳುತ್ತೆ. 20 ಬೋರ್ ತೋಟಾಗೆ ಹಳದಿ ಬಣ್ಣ ಕೊಡೋದು ಇದಕ್ಕೇ.

4. ತೋಟಾ ಆರಿಸೋದು

ಪೆಟ್ಟಿಗೆ ಮೇಲೆ ಮೂರು ಸಂಗತಿ ಓದಿ: ಚರೆ ನಂಬರ್, ಚರೆಯ ತೂಕ, ಚರೆ ಯಾವ ಲೋಹದ್ದು.

ನಂಬರ್ ದೊಡ್ಡದಾದಷ್ಟೂ ಚರೆ ಸಣ್ಣದು. ಅಮೆರಿಕನ್ ನಂಬರಿಗೆ ಒಂದು ಸುಲಭ ಲೆಕ್ಕ ಇದೆ, 17ರಿಂದ ನಂಬರ್ ಕಳೀರಿ, ಉಳಿದದ್ದು ಇಂಚಿನ ನೂರನೇ ಭಾಗದಲ್ಲಿ ಚರೆಯ ದಪ್ಪ. 8ನೇ ನಂಬರ್ ಆದ್ರೆ 9, ಅಂದ್ರೆ 0.09 ಇಂಚು, 2.3 ಮಿಲಿಮೀಟರ್ ಹತ್ರ ಹತ್ರ. ಇಂಗ್ಲಿಷ್ ಪೆಟ್ಟಿಗೆ ಆದ್ರೆ ಈ ಲೆಕ್ಕ ತಪ್ಪುತ್ತೆ, ಇಂಗ್ಲಿಷ್ 7 ಅಂದ್ರೆ ಅಮೆರಿಕನ್ ಏಳೂವರೆ. ವುಡ್‌ಕಾಕ್‌ಗೆ, ನಮ್ಮ ಲಾವಕ್ಕಿ ಥರ ಇರೋ ಬಾಬ್‌ವೈಟ್ ಕ್ವೇಲ್‌ಗೆ 8 ಅಥವಾ 9. ಗ್ರೌಸಿಗೆ ಸೀಸನ್ ಶುರುವಿನಲ್ಲಿ 8, ಎಲೆ ಉದುರಿದ ಮೇಲೆ ಏಳೂವರೆ. ತೂಕ 1 ಔನ್ಸ್, ಅಂದ್ರೆ 28 ಗ್ರಾಂ ಸಾಕೇ ಸಾಕು. ಜಾಸ್ತಿ ತೂಕದ ತೋಟಾ ತಗೊಂಡ್ರೆ ಭುಜಕ್ಕೆ ಏಟು ಜಾಸ್ತಿ, ಎರಡನೇ ಈಡು ನಿಧಾನ, ಹಳೇ ಕೋವಿಗೂ ಒಳ್ಳೇದಲ್ಲ.

ಲೋಹದ ವಿಷಯಕ್ಕೆ ಬಂದ್ರೆ, ಸ್ಪ್ರೆಡರ್ ಬಹಳಷ್ಟು ಸೀಸದ್ದೇ ಸಿಗೋದು, ಆದ್ರೆ ಸೀಸ ಎಲ್ಲಾ ಕಡೆ ನಡೆಯಲ್ಲ. ಕ್ಯಾಲಿಫೋರ್ನಿಯಾದಲ್ಲಿ 2019ರ ಜುಲೈ 1ರಿಂದ ಯಾವ ಬೇಟೆಗೂ ಸೀಸ ಇಲ್ಲ. ಮಿನೆಸೋಟಾ ವಿಸ್ಕಾನ್ಸಿನ್‌ನಲ್ಲೂ ವಾಟರ್‌ಫೌಲ್ ಪ್ರೊಡಕ್ಷನ್ ಏರಿಯಾ (ನೀರುಹಕ್ಕಿ ಮರಿ ಮಾಡೋಕೆ ಕಾಪಾಡಿರೋ ಜಾಗ) ಅಂತ ಬೋರ್ಡ್ ಇರೋ ಕಡೆ ಸೀಸದ ಚರೆ ಜೇಬಲ್ಲೂ ಇರಬಾರದು. ಅಂಥಾ ಕಡೆಗೆ ಬಿಸ್ಮತ್ ಅನ್ನೋ ಲೋಹದ ಚರೆ ತಗೊಳ್ಳಿ. ಸ್ಟೀಲ್ ಅಗ್ಗ ಅಂತ ಹಳೇ ಫುಲ್ ಚೋಕ್ ಕೋವಿಗೆ ಹಾಕ್ಬೇಡಿ, ಸೀಸದ ಥರ ಅದು ಒತ್ತಿಕೊಳ್ಳಲ್ಲ, ನಳಿಗೆ ಬಾಯಿಯನ್ನೇ ಉಬ್ಬಿಸಿ ಹಾಳು ಮಾಡುತ್ತೆ.

ಎರಡು ಬೇರೆ ಬೇರೆ ಕಂಪನಿಯ ಒಂದೊಂದು ಪೆಟ್ಟಿಗೆ ತಗೊಳ್ಳಿ, ಒಂದೇ ಸಲ ಹತ್ತು ಪೆಟ್ಟಿಗೆ ಬೇಡ. ಯಾಕೆ ಅನ್ನೋದು ಈಗ ಹೇಳ್ತೀನಿ.

5. ಕಾಗದದ ಮೇಲೆ ಹೊಡೆದು ನೋಡಿ

ಸ್ಪ್ರೆಡರ್ ಕೆಲಸ ಮಾಡ್ಲಿಲ್ಲ ಅಂತ ಹೇಳೋ ಹತ್ತು ಜನರಲ್ಲಿ ಕಾಗದದ ಮೇಲೆ ಹೊಡೆದು ನೋಡಿದೋರು ಒಬ್ರೂ ಇರಲ್ಲ. ಒಂದೇ ಕಂಪನಿ ಒಂದೇ ದಿನ ಮಾಡಿದ ಎರಡು ಕೋವಿಯಲ್ಲಿ ಕೂಡ ಒಂದೇ ತೋಟಾ ಬೇರೆ ಬೇರೆ ಥರ ಹರಡುತ್ತೆ. ನಿಮ್ಮ ಕೋವಿಯಲ್ಲಿ ಏನಾಗುತ್ತೆ ಅಂತ ಪೆಟ್ಟಿಗೆ ಮೇಲೆ ಬರೆದಿರಲ್ಲ, ಕಾಗದ ಮಾತ್ರ ಹೇಳುತ್ತೆ.

ಬೇಕಾಗೋದು: ಒಂದು ಮೀಟರಿಗಿಂತ ಅಗಲ ಇರೋ ಪ್ಯಾಕಿಂಗ್ ಕಾಗದದ ಸುರುಳಿ, ಕಟ್ಟೋಕೆ ಚೌಕಟ್ಟು, ದಪ್ಪ ಮಾರ್ಕರ್, ಒಂದು ದಾರ, ಅಳತೆ ಟೇಪು. ಜಾಗ ರೇಂಜೇ ಆಗಿರಬೇಕು, ಪ್ಯಾಟರ್ನ್ ಬೋರ್ಡ್ ಅಂತ ಕೇಳಿ, ಬಹಳ ಕಡೆ ಇರುತ್ತೆ. ಕಣ್ಣಿಗೆ ಕನ್ನಡಕ, ಕಿವಿಗೆ ಮಫ್.

ಕಾಗದದ ಮಧ್ಯೆ ಒಂದು ರೂಪಾಯಿ ಅಗಲದ ಚುಕ್ಕೆ ಇಡಿ. 18 ಮೀಟರ್ ಟೇಪಲ್ಲಿ ಅಳೆದು ನಿಲ್ಲಿ, ಹೆಜ್ಜೆ ಲೆಕ್ಕ ಬೇಡ. 40 ಗಜದ ಲೆಕ್ಕ ಇಲ್ಲಿ ಮರೀರಿ, ನೀವು ಹೊಡೆಯೋದು ಎಷ್ಟು ದೂರಕ್ಕೋ ಅಷ್ಟು ದೂರದಲ್ಲೇ ನೋಡ್ಬೇಕು. ಮೊದಲು ಮಾಮೂಲಿ ತೋಟಾದಲ್ಲಿ ಐದು ಈಡು, ಪ್ರತಿ ಈಡಿಗೂ ಹೊಸ ಕಾಗದ. ಆಮೇಲೆ ಸ್ಪ್ರೆಡರ್ ಐದು. ಜೋಡು ನಳಿಗೆ ಆದ್ರೆ ಎರಡೂ ನಳಿಗೆಗೆ ಬೇರೆ ಬೇರೆ. ಕಾಗದದ ಮೂಲೆಯಲ್ಲಿ ಯಾವ ನಳಿಗೆ ಯಾವ ತೋಟಾ ಅಂತ ಆಗ್ಲೇ ಬರೀರಿ, ಮನೆಗೆ ಹೋಗಿ ನೆನಪು ಮಾಡ್ಕೊಳ್ತೀನಿ ಅಂದ್ರೆ ಆಗಲ್ಲ. ಒಂದೇ ಈಡು ನೋಡಿ ತೀರ್ಮಾನ ಮಾಡೋದೂ ತಪ್ಪು, ಒಂದು ಒಳ್ಳೇದು ಬರ್ಬೋದು, ಒಂದು ಕೆಟ್ಟದ್ದು ಬರ್ಬೋದು.

ಈಗ ಓದೋದು. ಜಾಸ್ತಿ ತೂತು ಎಲ್ಲಿ ಕಾಣುತ್ತೋ ಅದರ ನಡುವನ್ನ ಕೇಂದ್ರ ಮಾಡ್ಕೊಂಡು ದಾರದಿಂದ ಎರಡು ವೃತ್ತ ಎಳೀರಿ, ಒಂದು 40 ಸೆಂಟಿಮೀಟರ್ ಅಗಲ, ಇನ್ನೊಂದು 75. ಒಳಗಿನ ವೃತ್ತದಲ್ಲಿ ಎಷ್ಟು, ಎರಡರ ನಡುವೆ ಎಷ್ಟು ಅಂತ ಎಣಿಸಿ, ಎಣಿಸಿದ ತೂತಿಗೆ ಮಾರ್ಕರಲ್ಲಿ ಗುರುತು ಹಾಕ್ತಾ ಹೋಗಿ. 8ನೇ ನಂಬರ್ ಸೀಸದ ಚರೆ 1 ಔನ್ಸಿಗೆ ಸುಮಾರು 410 ಇರುತ್ತೆ, 9 ಆದ್ರೆ 585, ಏಳೂವರೆ ಆದ್ರೆ 350. ಒಟ್ಟು ಎಷ್ಟು ಅಂತ ಗೊತ್ತಿದ್ರೆ ಹೊರಗೆ ಹೋದದ್ದು ಎಷ್ಟು ಅಂತಾನೂ ಗೊತ್ತಾಗುತ್ತೆ.

ನನಗೆ ಸಿಕ್ಕ ಕೋವಿಯ ಎಡ ನಳಿಗೆ ಫುಲ್. ಮಾಮೂಲಿ 8ರ ತೋಟಾದಲ್ಲಿ ಆ ಕಾಗದದ ಮಧ್ಯೆ ತೂತು ಎಣಿಸೋಕೇ ಆಗ್ಲಿಲ್ಲ, ಒಂದರ ಮೇಲೊಂದು ಬಿದ್ದು ಅಂಗೈಯಷ್ಟು ಕಾಗದ ಕಿತ್ತೇ ಹೋಗಿತ್ತು, ಅಂಚು ಸುಟ್ಟ ರೊಟ್ಟಿ ಥರ ಹರಿದಿತ್ತು, ಸುತ್ತ ನಾಲ್ಕು ಬೆರಳು ದಾಟಿದ್ರೆ ಕಾಗದ ಸ್ವಚ್ಛ. ಅದೇ ನಳಿಗೆಗೆ ಸ್ಪ್ರೆಡರ್ ಹಾಕಿದಾಗ ಮೊಳ ಕೈ ಅಗಲಿಸಿದಷ್ಟು ಜಾಗದಲ್ಲಿ ಒಂದೊಂದು ತೂತೂ ಬೇರೆ ಬೇರೆ ಕಾಣ್ತಿತ್ತು, ಬೆರಳಿಟ್ಟು ಎಣಿಸ್ಬೋದಿತ್ತು. ಎರಡು ಕಾಗದ ಪಕ್ಕ ಪಕ್ಕ ಇಟ್ಟು ನೋಡಿದ್ರೆ ಯಾರೂ ವಿವರಿಸೋದೇ ಬೇಡ.

ಆಮೇಲೆ ಸಾಸರ್ ಪರೀಕ್ಷೆ. ಚಹಾ ಸಾಸರ್ ತಗೊಂಡು 75ರ ವೃತ್ತದೊಳಗೆ ಎಲ್ಲಾ ಕಡೆ ಜರುಗಿಸ್ತಾ ಹೋಗಿ. ಸಾಸರ್ ಕೆಳಗೆ ಒಂದೂ ತೂತು ಇಲ್ಲದ ಜಾಗ ಸಿಕ್ರೆ ಅಲ್ಲಿ ಹಕ್ಕಿ ಇದ್ದಿದ್ರೆ ಬಚಾವಾಗ್ತಿತ್ತು, ಒಂದೆರಡೇ ತೂತು ಇದ್ರೆ ಇನ್ನೂ ಕೆಟ್ಟದು, ಗಾಯ ಆಗಿ ಹಾರಿಹೋಗ್ತಿತ್ತು. ಅಂಚಿನಲ್ಲಿ ಅಲ್ಲೊಂದು ಇಲ್ಲೊಂದು ಖಾಲಿ ಇದ್ರೆ ಪರವಾಗಿಲ್ಲ. ಆದ್ರೆ ಕೆಲವು ಸ್ಪ್ರೆಡರ್ ಕೆಲವು ನಳಿಗೆಯಲ್ಲಿ ಉದ್ದಿನ ವಡೆ ಥರ ಮಧ್ಯದಲ್ಲೇ ತೂತು ಬಿಡುತ್ತೆ, ಐದರಲ್ಲಿ ಎರಡು ಕಾಗದದಲ್ಲಿ ಹಂಗೆ ಕಂಡ್ರೆ ಆ ತೋಟಾ ನಿಮ್ಮ ಕೋವಿಗೆ ಅಲ್ಲ, ಇನ್ನೊಂದು ಪೆಟ್ಟಿಗೆ ತೆಗೀರಿ. ಎರಡು ಕಂಪನಿಯದ್ದು ತಗೊಳ್ಳಿ ಅಂದಿದ್ದು ಇದಕ್ಕೆ.

ಕೊನೆಗೆ ಎರಡು ಈಡು 25 ಮೀಟರಿಗೆ, ಎರಡು 10 ಮೀಟರಿಗೆ ಹೊಡೆದು ನೋಡಿ. 25ಕ್ಕೆ ಸಾಸರ್ ಕೆಳಗೆ ಅಲ್ಲಲ್ಲಿ ಖಾಲಿ ಸಿಗೋಕೆ ಶುರು ಆಗಿರ್ಬೋದು. ಅಲ್ಲಿಗೆ ನಿಮ್ಮ ಗೆರೆ ಎಲ್ಲಿ ಅಂತ ನಿಮಗೇ ಗೊತ್ತಾಯ್ತು.

6. ಯಾವ ನಳಿಗೆಗೆ ಯಾವ ತೋಟಾ

ಜೋಡು ನಳಿಗೆ ಕೋವಿಯ ಸುಖ ಇಲ್ಲಿದೆ. ಮೊದಲು ಹೊಡೆಯೋ ನಳಿಗೆಗೆ (ಪಕ್ಕಪಕ್ಕದ ನಳಿಗೆ ಆದ್ರೆ ಸಾಮಾನ್ಯವಾಗಿ ಬಲಗಡೆದು, ಮುಂದಿನ ಟ್ರಿಗರ್) ಸ್ಪ್ರೆಡರ್, ಎರಡನೇದಕ್ಕೆ ಮಾಮೂಲಿ ತೋಟಾ. ಮೊದಲ ಈಡು ತಪ್ಪೋ ಹೊತ್ತಿಗೆ ಹಕ್ಕಿ ದೂರ ಹೋಗಿರುತ್ತೆ, ಅಲ್ಲಿಗೆ ಒತ್ತಾದ ಚರೆನೇ ಬೇಕು. ಎರಡಕ್ಕೂ ಸ್ಪ್ರೆಡರ್ ಹಾಕೋದು ಎಲೆ ಇನ್ನೂ ಉದುರದೆ ಕಾಡು ದಟ್ಟ ಇದ್ದಾಗ ಮಾತ್ರ, ಸೆಪ್ಟೆಂಬರಲ್ಲಿ. ಅಕ್ಟೋಬರ್ ಕೊನೆಗೆ ಎಲೆ ಉದುರಿ ಹಕ್ಕಿ ದೂರದಿಂದಲೇ ಎದ್ದು ಹೋಗೋಕೆ ಶುರು ಆದ್ಮೇಲೆ ಸ್ಪ್ರೆಡರ್ ಪೆಟ್ಟಿಗೆ ಒಳಗಿಡಿ.

ಎರಡು ಥರ ತೋಟಾ ಎರಡು ಬೇರೆ ಜೇಬಲ್ಲಿ ಇರ್ಲಿ, ಯಾವಾಗ್ಲೂ ಅದದೇ ಜೇಬು. ಹೊರಗಿಂದ ಒಂದೇ ಬಣ್ಣ ಇದ್ರೆ ಸ್ಪ್ರೆಡರ್ ತಳದ ಮೇಲೆ, ಕೇಪು ಬಿಟ್ಟು, ಅಂಚಿನಲ್ಲಿ ಮಾರ್ಕರ್ ಗೆರೆ ಎಳೀರಿ.

7. ಕಾಡಿನಲ್ಲಿ

ದೂರ ಅಂದಾಜು ಮಾಡೋದು ಮೊದಲೇ ಅಭ್ಯಾಸ ಮಾಡಿ. ಬೆಳಗ್ಗೆ ವಾಕಿಂಗ್ ಹೋಗುವಾಗ ಒಂದು ಮರ ನೋಡಿ ಎಷ್ಟು ಅಂತ ಮನಸ್ಸಲ್ಲಿ ಹೇಳ್ಕೊಂಡು ಆಮೇಲೆ ಹೆಜ್ಜೆ ಹಾಕಿ ಎಣಿಸಿ, ಒಂದು ವಾರದಲ್ಲಿ ಕಣ್ಣು ಪಳಗುತ್ತೆ. ಹಕ್ಕಿ 8 ಮೀಟರಲ್ಲಿ ಎದ್ರೆ ತಕ್ಷಣ ಹೊಡೀಬೇಡಿ, ಸ್ಪ್ರೆಡರ್ ಇದ್ರೂ ಅಷ್ಟು ಹತ್ತಿರದಲ್ಲಿ ಚರೆ ಇನ್ನೂ ಹರಡಿರಲ್ಲ. ಒಂದು ಉಸಿರು ಬಿಡಿ, 15ಕ್ಕೆ ಹೋಗ್ಲಿ. 25 ದಾಟಿತು ಅನ್ಸಿದ್ರೆ ಮೊದಲ ನಳಿಗೆ ಮುಟ್ಲೇಬೇಡಿ.

ಸ್ಪ್ರೆಡರ್ ಇದೆ, ಚರೆ ಅಗಲ ಹರಡುತ್ತೆ, ಅಂದಾಜಿಗೆ ಹೊಡೆದ್ರೂ ಸಿಗುತ್ತೆ ಅನ್ನೋ ಮನಸ್ಸು ಬಂತು ಅಂದ್ರೆ ಹಕ್ಕಿಗೆ ಅನ್ಯಾಯ. ಅಂಚಿನ ಎರಡು ಚರೆ ತಗುಲಿದ ಗ್ರೌಸ್ ಎಲ್ಲೋ ಹೋಗಿ ಬಿದ್ದು ಪೊದೆಯೊಳಗೆ ನರಳಿ ಸಾಯುತ್ತೆ, ನಾಯಿಗೂ ಸಿಗಲ್ಲ. ನಾನಂತೂ ಹಕ್ಕಿ ಬಿದ್ದಿಲ್ಲ ಅನ್ಸಿದ್ರೂ ಪುಕ್ಕ ಉದುರಿದ್ದು ಕಂಡ್ರೆ ಅರ್ಧ ಗಂಟೆ ಹುಡುಕಿದ್ಮೇಲೇ ಮುಂದಕ್ಕೆ ಹೆಜ್ಜೆ ಇಡ್ತಿದ್ದಿದ್ದು. ನೀವೂ ಹುಡುಕಿ.

ಜೊತೆಗಿರೋರ ವಿಷಯ. ಸ್ಪ್ರೆಡರಲ್ಲಿ ಚರೆ ಪಕ್ಕಕ್ಕೂ ಹೋಗುತ್ತೆ ಅನ್ನೋದನ್ನ ಮರೀಬೇಡಿ, ಮಾಮೂಲಿ ತೋಟಾದಲ್ಲಿ ಸರಿ ಅನ್ಸೋ ಅಂತರ ಇಲ್ಲಿ ಸಾಲಲ್ಲ. ಬೇಗ ಹರಡುತ್ತೆ ಅಂದ್ರೆ ಬೇಗ ನಿಲ್ಲುತ್ತೆ ಅಂತಾನೂ ಅಲ್ಲ, 8ನೇ ನಂಬರ್ ಒಂಟಿ ಚರೆ ಮೇಲಕ್ಕೆ ಹಾರಿದ್ರೆ 200 ಗಜದ ತನಕ ಹೋಗಿ ಬೀಳ್ಬೋದು. ಎಲ್ಲರಿಗೂ ಕಿತ್ತಳೆ ಬಣ್ಣದ ವೆಸ್ಟು, ಟೋಪಿ. ಹಕ್ಕಿ ಹಿಂದೆ ಆಕಾಶ ಕಾಣ್ತಾ ಇದ್ರೆ ಮಾತ್ರ ಟ್ರಿಗರ್, ಕೆಳಗೆ ಹಾರೋ ಹಕ್ಕಿ ಬಿಟ್ಟುಬಿಡಿ, ಅದರ ಹಿಂದೆ ನಾಯಿ ಜಿಗಿಯುತ್ತೆ.

ಅಡುಗೆಗೆ ಮುಂಚೆ ಎದೆ ಮಾಂಸ ಬೆಳಕಿಗೆ ಹಿಡಿದು ಬೆರಳಿಂದ ಒತ್ತಿ ಒತ್ತಿ ನೋಡಿ. ಚರೆ ಹೋದ ಕಡೆ ನೀಲಿಗಟ್ಟಿದ ಸಣ್ಣ ಗುರುತು ಇರುತ್ತೆ, ಒಳಗೆ ಪುಕ್ಕ ಎಳ್ಕೊಂಡು ಹೋಗಿರುತ್ತೆ. ಚಾಕು ತುದಿಯಿಂದ ಸೀಸ ತೆಗೆದು ಸುತ್ತಲಿನ ಮಾಂಸ ಕತ್ತರಿಸಿ ಬಿಸಾಕಿ. ಸೀಸ ವಿಷ, ಮಕ್ಕಳಿಗೆ ಬಸುರಿಯರಿಗೆ ಸೀಸದಲ್ಲಿ ಹೊಡೆದ ಹಕ್ಕಿ ಕೊಡ್ಲೇಬೇಡಿ.

8. ಇಲ್ಲಿನ ಕೋವಿಗೆ ಮಾಡ್ಬೋದಾ ಅನ್ನೋರಿಗೆ

ಮುಂಬೈ ಪುಣೆಯಲ್ಲಿ ಕ್ಲೇ ಶೂಟಿಂಗ್ ಮಾಡೋರು, ಅಂದ್ರೆ ಹಾರೋ ಮಣ್ಣಿನ ಬಿಲ್ಲೆಗೆ ಹೊಡೆಯೋರು ಅದರಲ್ಲೊಂದು ಬಗೆಯಾದ ಸ್ಕೀಟ್ ಆಟಕ್ಕೆ ಸ್ಪ್ರೆಡರ್ ಹಾಕ್ಬೋದಾ ಅಂತ ಕೇಳ್ತಾರೆ. ಸ್ಪರ್ಧೆಯಲ್ಲಿ ಆಗಲ್ಲ. ಅಂತರರಾಷ್ಟ್ರೀಯ ಶೂಟಿಂಗ್ ಒಕ್ಕೂಟದ, ಅಂದ್ರೆ ಐಎಸ್‌ಎಸ್‌ಎಫ್ ನಿಯಮದಲ್ಲಿ ತೋಟಾದೊಳಗೆ ಚರೆ ಹೆಚ್ಚು ಹರಡೋಕೆ ಅಂತ ಮಾಡಿದ ಯಾವ ಬದಲಾವಣೆಯೂ ನಿಷೇಧ, ಚರೆ ತೂಕ ಕೂಡ 24.5 ಗ್ರಾಂ ದಾಟಿರೋ ತೋಟಾ ನಡೆಯಲ್ಲ. ಅದರಲ್ಲೇ ಅಭ್ಯಾಸ ಮಾಡಿ ಕೈ ಕೆಡಿಸ್ಕೋಬೇಡಿ, ಸ್ಕೀಟ್ ಚೋಕ್ ಇರೋ ಕೋವಿಯಲ್ಲಿ ಕಲೀರಿ.

ಇನ್ನು ಊರಿಂದ ಬರೋ ಎರಡು ಪ್ರಶ್ನೆ. ಅಜ್ಜನ ಕೋವಿಯ ನಳಿಗೆ ಎರಡು ಇಂಚು ಕೊಯ್ಸಿದ್ರೆ ಚೋಕ್ ಹೋಗುತ್ತಲ್ವಾ ಅಂತ ಒಂದು. ಚೋಕ್ ಹೋಗುತ್ತೆ, ಜೊತೆಗೆ ನೀವೂ ಒಳಗೆ ಹೋಗ್ತೀರಿ. ಆರ್ಮ್ಸ್ ಆಕ್ಟ್ 1959ರ 6ನೇ ಸೆಕ್ಷನ್ ಪ್ರಕಾರ ಅದಕ್ಕಂತಲೇ ಲೈಸೆನ್ಸ್ ಇಲ್ಲದೆ ನಳಿಗೆ ಗಿಡ್ಡ ಮಾಡೋದು ಅಪರಾಧ. ತೋಟಾ ಬಿಚ್ಚಿ ಒಳಗೆ ನಾವೇ ರಟ್ಟು ಇಟ್ಕೋಬೋದಾ ಅನ್ನೋದು ಇನ್ನೊಂದು. ಬೇಡ. ಒಳಗಿನ ತೂಕ, ಜಾಗ, ಬಾಯಿ ಮಡಿಚಿರೋ ಬಿಗಿ ಒಂದು ಚೂರು ವ್ಯತ್ಯಾಸ ಆದ್ರೂ ಒತ್ತಡ ಎಷ್ಟಕ್ಕೆ ಏರುತ್ತೆ ಅಂತ ಹೊರಗಿಂದ ನೋಡಿದ್ರೆ ಗೊತ್ತಾಗಲ್ಲ, ಮತ್ತೆ ಲೈಸೆನ್ಸ್ ಇಲ್ಲದೆ ಮದ್ದುಗುಂಡು ತಯಾರಿಸೋದು ಅದೇ ಕಾಯ್ದೆಯಡಿ ಇನ್ನೊಂದು ಅಪರಾಧ.

9. ವಾಪಸ್ ಹೊರಡುವಾಗ

ಬೇಟೆಗೆ ಹಾಕಿದ ಜಾಕೆಟ್, ವೆಸ್ಟ್, ಪ್ಯಾಂಟ್, ಬ್ಯಾಗು ಪ್ರತಿಯೊಂದರ ಪ್ರತಿಯೊಂದು ಜೇಬು ಒಳಗೆ ಹೊರಗೆ ಮಾಡಿ ಕೊಡವಿ. ನನ್ನ ವೆಸ್ಟಿನ ಬೆನ್ನಿನ ಚೀಲದ ಹೊಲಿಗೆ ಬಿಟ್ಟು ಒಂದು ತೋಟಾ ಅಸ್ತರಿನೊಳಗೆ ಇಳಿದಿತ್ತು, ಮೂರು ಸಲ ಜೇಬು ನೋಡಿದ್ದೆ, ಸಿಕ್ಕಿರ್ಲಿಲ್ಲ, ಮಡಿಚಿ ಸೂಟ್‌ಕೇಸಿಗೆ ಇಡುವಾಗ ಅಂಚಿನಲ್ಲಿ ಗಟ್ಟಿಯಾಗಿ ಕೈಗೆ ತಾಗಿತು. ಮುಂಬೈ ಏರ್‌ಪೋರ್ಟಲ್ಲಿ ಲೈಸೆನ್ಸ್ ಇಲ್ಲದೆ ಒಂದೇ ಒಂದು ತೋಟಾ ಸಿಕ್ರೂ ಆರ್ಮ್ಸ್ ಆಕ್ಟ್ ಕೇಸು ಬೀಳುತ್ತೆ, ಗೊತ್ತಿಲ್ಲದೆ ಉಳಿದಿತ್ತು ಅಂತ ಹೇಳೋಕೂ ವಕೀಲರು ಬೇಕು. ನೆನಪಿಗೆ ಅಂತ ಖಾಲಿ ಕೇಸ್ ಕೂಡ ತರಬೇಡಿ, ಸ್ಕ್ಯಾನರ್ ಮುಂದೆ ನಿಂತು ವಿವರಿಸೋ ಪರಿಸ್ಥಿತಿ ಬೇಡ. ಉಳಿದ ತೋಟಾ ಎಲ್ಲಾ ಕೋವಿ ಕೊಟ್ಟೋರಿಗೇ ವಾಪಸ್ ಕೊಡಿ. ಆ ವೆಸ್ಟನ್ನೂ ಅಲ್ಲೇ ಬಿಟ್ಟು ಬನ್ನಿ, ಪುಣೆಯಲ್ಲಿ ಅದನ್ನ ಹಾಕ್ಕೊಳ್ಳೋ ಸಂದರ್ಭ ಬರಲ್ಲ.